ಪಿಸುಮಾತಿನ ಮನೆ

ಮಲಗಿರುವ ಮಗುವನ್ನು ಕಂಡೊಡನೆ ದೊಡ್ಡವರೆಲ್ಲ ಏಕೆ ಪಿಸುಗುಟ್ಟಲು ಆರಂಭಿಸುತ್ತಾರೋ, ಅದು ನನಗೆ ಇಂದಿಗೂ ಬಿಡಿಸಲಾಗದ ಒಗಟು. ಎದ್ದಿರುವ ಮಗುವಿನ ಮುಂದೆ ಗಿಲಕಿ ಅಲ್ಲಾಡಿಸಿ, ತಟ್ಟೆ ಬಡಿದು, ಚಪ್ಪಾಳೆ ತಟ್ಟಿ ಬೆಚ್ಚಿಬೀಳಿಸುವ ಜನವೇ, ಅದು ರೆಪ್ಪೆ ಮುಚ್ಚಿದ ಕ್ಷಣದಲ್ಲಿ ಕಳ್ಳತನಕ್ಕೆ ಬಂದವರಂತೆ ತುದಿಗಾಲಲ್ಲಿ ಓಡಾಡತೊಡಗುತ್ತದೆ. ನನ್ನ ಮಗಳ ನಾಮಕರಣಕ್ಕೆ ಯಳಂದೂರಿನಿಂದ ಬಂದಿದ್ದ ದೊಡ್ಡಮ್ಮನ ಪಿಸುಮಾತು ಆಕೆಯ ಸಹಜ ಮಾತಿಗಿಂತ ಜೋರು. ಆಕೆ ತೊಟ್ಟಿಲ ಬಳಿ ನಿಂತು ಗುಟ್ಟಾಗಿ ಹೇಳಿದ್ದನ್ನು ಬೀದಿಯಲ್ಲಿ ಹೋಗುವವರು ನಿಂತು ಕೇಳಬಹುದಿತ್ತು. "ಎಳೇ ಮೊಗ ಇರೋ ಮನೇಲಿ ಸೂಜಿ ಬಿದ್ರೂ ಸದ್ದಾಗ್ಬಾರ್ದು ಕಣ್ರಿ. ಬೆಚ್ಚಿದ ಮೊಗ ಬಡಕಲಾಗೋಯ್ತದೆ" ಎಂದು ಆಕೆ ಆ ಗುಟ್ಟಿನ ದನಿಯಲ್ಲಿ ಸಾರಿ, ಮಧ್ಯಾಹ್ನದ ಬಸ್ಸಿಗೆ ಹೊರಟುಹೋದಳು. ಆಕೆ ಬಿಟ್ಟುಹೋದ ಮೌನ ಮಾತ್ರ ನಮ್ಮ ಮನೆಯಲ್ಲೇ ಉಳಿಯಿತು.

ನಾನು ಬಾಣಂತನಕ್ಕೆ ಬಂದಿದ್ದ ತವರುಮನೆ ಇರುವುದು ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ. ಅಪ್ಪನ ಮಗ್ಗ ಇರುವುದು ಮುಂಬಾಗಿಲ ಕೋಣೆಯಲ್ಲೇ. ಅದನ್ನು ದಾಟದೆ ನಮ್ಮ ಮನೆಯ ಅಡುಗೆಮನೆಗಾಗಲಿ ನೀರಿನ ತೊಟ್ಟಿಗಾಗಲಿ ಹೋಗುವಂತಿಲ್ಲ. ನಾನು ನಡೆಯಲು ಕಲಿತದ್ದು ಆ ಮಗ್ಗದ ಕಂಬ ಹಿಡಿದು, ಓದಿದ್ದು ಆ ಸದ್ದಿನ ನಡುವೆ. ಅಪ್ಪನಿಗೆ ತಮ್ಮ ಅತ್ತಿಗೆಯಾದ ದೊಡ್ಡಮ್ಮನ ಮಾತಿನಲ್ಲಿ ಅಪಾರ ನಂಬಿಕೆ. ಮರುದಿನವೇ ಅವರು ಮಗ್ಗದ ಮೇಲೊಂದು ಹಳೆಯ ಬಿಳಿ ಪಂಚೆ ಹೊದಿಸಿ, ಬೀದಿಯ ಆಚೆ ತುದಿಯ ಕೂಲಿಮಗ್ಗಕ್ಕೆ ಹೋಗತೊಡಗಿದರು. ಮೊಮ್ಮಗಳ ನಿದ್ದೆಗಾಗಿ ಅವರು ಮಾಡಿದ ಈ ತ್ಯಾಗವನ್ನು ಕಂಡು ನನ್ನ ಕಣ್ಣು ತುಂಬಿಬಂತು. ಆಗ ನನ್ನ ಕಣ್ಣು ಯಾವುದಕ್ಕಾದರೂ ತುಂಬಿಬರುತ್ತಿತ್ತೆಂಬುದನ್ನೂ ಇಲ್ಲಿ ಹೇಳಬೇಕು. ಹಾಲು ಉಕ್ಕಿದರೂ ಅಳುತ್ತಿದ್ದೆ, ಉಕ್ಕದಿದ್ದರೂ ಅಳುತ್ತಿದ್ದೆ.

ನನ್ನ ಗಂಡನದು ಹನೂರಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಭಾನುವಾರಗಳಂದು ಬಂದು, ಗ್ರೀಸ್ ಹೋಗುವವರೆಗೆ ಕೈ ಉಜ್ಜಿ ತೊಳೆದು, ಮಗುವನ್ನು ಒಡೆದುಹೋಗುವ ಬಿಡಿಭಾಗದಂತೆ ಎತ್ತಿಕೊಂಡು, ಸಂಜೆಯ ಬಸ್ಸಿಗೆ ಮರಳುತ್ತಿದ್ದರು. ಅವ್ವನಿಗೆ ಮನೆಗೆಲಸದ ಜೊತೆಗೆ ನೂಲು ಸುತ್ತುವ ಕೆಲಸ. ರಾಟೆಯ ಸದ್ದೂ ಬೇಡವೆಂದು ಅದನ್ನೂ ಪಕ್ಕದ ಕೇರಿಗೆ ಒಯ್ಯುತ್ತಿದ್ದಳು. ಹೀಗೆ ನನ್ನ ಮೇಲಿನ ಪ್ರೀತಿಯಿಂದಲೇ ಎಲ್ಲರೂ ನನ್ನನ್ನು ಒಬ್ಬಂಟಿಯಾಗಿ ಬಿಟ್ಟರು. ದಿನಚರಿ ಬರೆಯುವುದು ಶಾಲೆಯ ದಿನಗಳಿಂದ ನನಗಂಟಿದ ಚಟವಾದ್ದರಿಂದ, ತಾರೀಖು ಹಾಕಿ ಮಗಳು ಹಾಲು ಕುಡಿದ ಹೊತ್ತು, ಮಲಗಿದ ಹೊತ್ತು, ಎದ್ದ ಹೊತ್ತು ಎಲ್ಲವನ್ನೂ ಗೆರೆ ಎಳೆದು ಗುರುತು ಹಾಕುತ್ತ ಕೂರುತ್ತಿದ್ದೆ. ಲೆಕ್ಕ ಸರಿಯಾಗಿದ್ದರೆ ಬದುಕೂ ಸರಿಯಾಗಿರುತ್ತದೆಂದು ನಂಬುವ ಜಾತಿ ನನ್ನದು. ಇಷ್ಟೆಲ್ಲ ಮೌನವಿದ್ದರೂ ಮಗಳು ಮಾತ್ರ ಮಲಗುತ್ತಲೇ ಇರಲಿಲ್ಲ. ಸೌಟು ಜಾರಿದರೆ ಕಿರುಚುತ್ತಿದ್ದಳು, ಹಲ್ಲಿ ಲೊಚಗುಟ್ಟಿದರೆ ಕಿರುಚುತ್ತಿದ್ದಳು. ಅವಳು ಅಳು ನಿಲ್ಲಿಸಿದ ಮೇಲೂ ನನ್ನ ಕಿವಿಯೊಳಗೆ ಆ ಅಳು ನಿಲ್ಲುತ್ತಿರಲಿಲ್ಲ. ಪಂಚೆ ಹೊದ್ದ ಮಗ್ಗ ಎದುರಿಗೇ ಇತ್ತು. ಅದರ ಕೆಳಗೆ ಯಾರೋ ಮಲಗಿದ್ದಾರೆ, ಅವರಿಗಾಗಿ ನಾವೆಲ್ಲ ಕಾಯುತ್ತಿದ್ದೇವೆ ಎನ್ನಿಸುತ್ತಿತ್ತು.

ಓದುಗ ಮಿತ್ರರೇ, ಇಲ್ಲಿಯವರೆಗೆ ನಗುನಗುತ್ತ ಬಂದೆ. ಮುಂದಿನದನ್ನು ನಗುತ್ತ ಹೇಳಲು ನನಗೆ ಬರುವುದಿಲ್ಲ. ಒಂದು ಮಧ್ಯಾಹ್ನ ಅವ್ವ ರೇಷನ್ ಅಂಗಡಿಗೆ ಹೋಗಿದ್ದಳು. ನಾನು ಮಗಳನ್ನು ಎಡಗೈಲಿ ಎತ್ತಿಕೊಂಡು ಹಿತ್ತಿಲ ತೊಟ್ಟಿಯ ಬಳಿ ಒದ್ದೆಬಟ್ಟೆ ಅದ್ದುತ್ತಿದ್ದೆ. ತೊಟ್ಟಿ ತುಂಬಿತ್ತು. ಮಗಳು ಅಳುತ್ತಿದ್ದಳು. ಈ ಕೈ ಸಡಿಲಿಸಿದರೆ ಎಲ್ಲ ಶಾಂತವಾಗುತ್ತದೆ ಎಂಬ ಯೋಚನೆ, ಉಪ್ಪು ಮುಗಿದಿದೆ, ತರಬೇಕು ಎಂಬಷ್ಟೇ ಸಾಧಾರಣವಾಗಿ ನನ್ನೊಳಗೆ ಬಂತು. ನನ್ನನ್ನು ನಡುಗಿಸಿದ್ದು ಆ ಸಾಧಾರಣತೆ. ಒಳಗೆ ಓಡಿ, ಅವಳನ್ನು ಬರಿಯ ನೆಲದ ಮೇಲೆ ಮಲಗಿಸಿ, ಕೋಣೆಯ ಆಚೆ ಮೂಲೆಗೆ ಹೋಗಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕುಳಿತೆ. ಅವ್ವ ಬರುವವರೆಗೆ ಅಲುಗಲಿಲ್ಲ.

ಅವ್ವ ಬಂದವಳೇ ಕೆಂಡವಾದಳು. "ಬುದ್ಧಿಗಿದ್ಧಿ ಇದ್ದದಾ ನಿಂಗೆ? ತಣ್ಣಗಿರೋ ನೆಲದ ಮ್ಯಾಕೆ ಮೊಗಾನ ಆಕ್ಬುಟ್ಟು ಅಲ್ಲೋಗಿ ಕುಂತಿದ್ದೀಯಲ್ಲ!"

"ಅವ್ವ, ಅವಳ್ನ ನನ್ ಕೈಗೆ ಕೊಡಬ್ಯಾಡ" ಎಂದೆ. ಏಕೆಂಬುದನ್ನೂ ಹೇಳಿದೆ. ತೊಟ್ಟಿಯ ಮಾತನ್ನೂ ಬಿಡಲಿಲ್ಲ.

ಅವ್ವ ಕೈಲಿದ್ದ ಅಕ್ಕಿಚೀಲವನ್ನು ಅಲ್ಲೇ ಇಟ್ಟಳು. ಮಗುವನ್ನು ಎತ್ತಿ ಸೊಂಟಕ್ಕೇರಿಸಿಕೊಂಡು, ಹಿತ್ತಿಲ ಗೋಡೆಯ ಮೇಲಿಂದ ಪಕ್ಕದ ಮನೆಯ ಚಿಕ್ಕತಾಯಮ್ಮನನ್ನು ಕೂಗಿದಳು. ಚಿಕ್ಕತಾಯಮ್ಮ ಬಂದವಳು ನನ್ನ ಮುಖ ನೋಡಿದಳು, ಪಂಚೆ ಹೊದಿಸಿದ ಮಗ್ಗವನ್ನು ನೋಡಿದಳು. ಅಷ್ಟರಲ್ಲಿ ಊಟಕ್ಕೆಂದು ಅಪ್ಪನೂ ಬಂದರು.

"ಅಲ್ಲಾ ಕಣಣ್ಣ, ಮಗ್ಗದ ಸದ್ದೇ ಇಲ್ಲ. ಬಾಣಂತಿಗೋ ಮೊಗಿಗೋ ಏನೋ ಆಗ್ಬುಟ್ಟದೆ, ಓಗಿ ಕೇಳುದ್ರೆ ನೊಂದ್ಕತಾರೆ ಅಂತ ಬೀದಿಯವ್ರ್ ಯಾರೂ ಬರ್ನಿಲ್ಲ" ಎಂದಳು ಚಿಕ್ಕತಾಯಮ್ಮ.

ಅಪ್ಪ ಬಾಗಿಲಲ್ಲೇ ನಿಂತುಬಿಟ್ಟರು. ನಮ್ಮ ಬೀದಿಯಲ್ಲಿ ಮಗ್ಗದ ಸದ್ದಿದ್ದರೆ ಆ ಮನೆಯ ಬಾಗಿಲು ತೆರೆದಿದೆ ಎಂದೇ ಅರ್ಥ. ಯಾರು ಬೇಕಾದರೂ ಕರೆಯದೆ ಒಳಗೆ ಬಂದು, ಕುಂತು, ಎಲೆಅಡಿಕೆ ಹಾಕಿಕೊಂಡು ಹೋಗಬಹುದು. ಮಗ್ಗ ನಿಲ್ಲುವುದು ಸಾವಿಗೆ, ಸೂತಕಕ್ಕೆ, ಹೊರಗೆ ಹೇಳಲಾಗದ ಸಂಕಟಕ್ಕೆ. ಆಗ ಒಳಗಿನವರು ಕರೆಯುವವರೆಗೆ ಹೊರಗಿನವರು ಹೊಸ್ತಿಲು ದಾಟುವುದಿಲ್ಲ. ಇದು ಅಪ್ಪನಿಗೆ ಗೊತ್ತಿತ್ತು. ಆ ಬೀದಿಯಲ್ಲೇ ಹುಟ್ಟಿದ ನನಗೂ ಗೊತ್ತಿತ್ತು. ಆದರೂ ಮಗುವಿಗೆ ಎಚ್ಚರವಾದೀತೆಂಬ ಒಂದೇ ಚಿಂತೆಯಲ್ಲಿ, ಬದುಕಿರುವ ಮೂವರು ದೊಡ್ಡವರು ಸೇರಿ ನಮ್ಮ ಮನೆಯನ್ನು ಸಾವಿನ ಮನೆಯೆಂದು ಸಾರಿಬಿಟ್ಟಿದ್ದೆವು.

"ಮೊಗ ಎದ್ಬುಡ್ತದೆ ಅಂತ…" ಎಂದು ಅಪ್ಪ ತೊದಲಿದರು.

"ಎದ್ರೆ ಎದ್ಕಳ್ಳಿ ಬುಡು! ಎತ್ಗಳಕ್ಕೆ ನಾವೇನ್ ಸತ್ತೋಗಿದ್ದಾವಾ?" ಎಂದು ಚಿಕ್ಕತಾಯಮ್ಮ ಗದರಿದಳು.

ಅಂದು ಸಂಜೆಯೇ ಅವ್ವ ಮತ್ತು ಚಿಕ್ಕತಾಯಮ್ಮ ನನ್ನನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರಮ್ಮ ಬಾಗಿಲು ಹಾಕಿಕೊಂಡು ನಿಧಾನವಾಗಿ ಮಾತಾಡಿಸಿದರು. ಮಗು ಎಷ್ಟು ಹೊತ್ತು ಮಲಗುತ್ತದೆ ಎಂದು ಕೇಳಿದಾಗ ಗಡಿಯಾರದಂತೆ ಒಪ್ಪಿಸಿದೆ; ನೀನು ಎಷ್ಟು ಹೊತ್ತು ಮಲಗುತ್ತೀ ಎಂಬುದಕ್ಕೆ ನನ್ನ ದಿನಚರಿಯಲ್ಲಿ ಒಂದು ಗೆರೆಯೂ ಇರಲಿಲ್ಲ. ಇದು ಹೆರಿಗೆಯ ನಂತರ ಬರುವ ಕಾಯಿಲೆ, ನಿನ್ನ ಕೆಟ್ಟತನವಲ್ಲ ಎಂದರು. ಮಾತ್ರೆ ಬರೆದುಕೊಟ್ಟರು, ತಪ್ಪದೆ ಮತ್ತೆ ಬರಬೇಕೆಂದರು, ಸದ್ಯಕ್ಕೆ ನನ್ನನ್ನಾಗಲಿ ಮಗುವನ್ನಾಗಲಿ ಒಂದು ಗಳಿಗೆಯೂ ಒಂಟಿಯಾಗಿ ಬಿಡಕೂಡದೆಂದು ಅವ್ವನಿಗೆ ಹೇಳಿದರು.

ಮರುದಿನ ಬೆಳಿಗ್ಗೆ ಅಪ್ಪ ಪಂಚೆ ಕೊಡವಿ ಮಗ್ಗಕ್ಕೆ ಕುಳಿತರು. ಮಗಳು ಮೊದಲ ಏಟಿಗೆ ಬೆಚ್ಚಿ ಚೀರಿದಳು. ಅಪ್ಪನ ಕೈ ಅರೆಗಳಿಗೆ ತಡೆದು ಮತ್ತೆ ಓಡಿತು. ಮಧ್ಯಾಹ್ನದ ಹೊತ್ತಿಗೆ ಬೀದಿಯ ಅರ್ಧ ಹೆಂಗಸರು ನಮ್ಮ ಮನೆಯಲ್ಲಿದ್ದರು. ಒಬ್ಬಳು ಮಗುವಿಗೆ ನೀರು ಹಾಕಿದಳು, ಇನ್ನೊಬ್ಬಳು ನನ್ನ ತಲೆಗೆ ಎಣ್ಣೆ ಒತ್ತಿದಳು, ಮತ್ತೊಬ್ಬಳು ಏನೂ ಮಾಡದೆ ತನ್ನ ಸೊಸೆಯನ್ನು ಬೈಯುತ್ತ ಕುಳಿತಳು; ಆ ಬೈಗುಳವನ್ನು ಕೇಳುತ್ತಲೇ ನಾನು ನಿದ್ದೆಹೋದೆನಂತೆ. ಇದರಿಂದ ಎಲ್ಲವೂ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಎಷ್ಟೋ ದಿನ ತೊಟ್ಟಿಯ ಕಡೆ ಹೋಗಲು ಕಾಲೇ ಬರುತ್ತಿರಲಿಲ್ಲ. ಮಗಳು ನಕ್ಕಾಗ ಪಕ್ಕದಲ್ಲಿದ್ದವರು ನಗುತ್ತಿದ್ದರೇ ಹೊರತು ನನಗೆ ನಗು ಬರುತ್ತಿರಲಿಲ್ಲ. ಶಾಂತಿ ಎಂದರೆ ಸದ್ದಿಲ್ಲದಿರುವುದು ಎಂದು ತಿಳಿದಿದ್ದೆ. ಪಕ್ಕದಲ್ಲಿ ಇನ್ನೊಬ್ಬರ ಉಸಿರಿರುವುದು ಎಂದು ತಿಳಿಯಲು ಮಾತ್ರೆ, ಮಗ್ಗ, ಬೈಗುಳ ಎಲ್ಲವೂ ಬೇಕಾದವು.

ಮಗಳು ಅಂಬೆಗಾಲಿಡುವ ಹೊತ್ತಿಗೆ, ಡಾಕ್ಟರಮ್ಮ ಒಪ್ಪಿದ ಮೇಲೆ, ಹನೂರಿನ ಮನೆಗೆ ಬಂದೆ. ಅಲ್ಲಿ ಮಗ್ಗವೂ ಇಲ್ಲ, ಬೀದಿಯೂ ನನ್ನದಲ್ಲ. ಅವ್ವ ಕೆಲವು ದಿನ ಜೊತೆಗಿದ್ದು ಊರಿಗೆ ಹೊರಟಳು. ಆಕೆ ಹೋದ ಬೆಳಿಗ್ಗೆ, ಗಂಡ ಅಂಗಡಿಗೆ ಹೊರಡುವ ಮುನ್ನವೇ, ಎದುರುಮನೆಯ ಸೆಲ್ವಿಯಕ್ಕನ ಬಾಗಿಲಿಗೆ ಹೋಗಿ ನಿಂತೆ. ಪರಿಚಯ ಅಷ್ಟಕ್ಕಷ್ಟೆ.

"ಅಕ್ಕ, ಹೆರಿಗೆ ಆದ್ಮೇಲೆ ನಂಗೊಂದು ಕಾಯಿಲೆ ಬಂದಿತ್ತು. ಮಾತ್ರೆ ತಕತಾ ಇದೀನಿ. ಮಗು ಜೊತೆ ಒಬ್ಳೇ ಇರಕ್ಕೆ ಇನ್ನೂ ಭಯ ಆಯ್ತದೆ."

ಸೆಲ್ವಿಯಕ್ಕ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ತಮಿಳರು ಮಕ್ಕಳನ್ನು ಮುದ್ದಿಸುವಂತೆ ಕರೆದಳು. "ಏನ್ ಕಣ್ಣು, ಇದುನ್ನ ಹೇಳಕ್ಕೆ ಇಷ್ಟು ಬೆವತ್ಕಂಡ್ಯಾ? ನಡಿ, ಬತ್ತೀನಿ" ಎಂದು, ಒಂದು ಮೂಟೆ ಒಣಗಿದ ಹುಣಸೆಹಣ್ಣನ್ನೂ ಒಂದು ಕೋಲನ್ನೂ ತಂದು ನಮ್ಮ ಜಗಲಿಯಲ್ಲಿ ಸುರಿದು ಬಡಿಯಲು ಕುಳಿತಳು.

ಒಳಗೆ ಮಲಗಿದ್ದ ಮಗಳು ಎದ್ದು ಅಳತೊಡಗಿದಳು. ನಾನು ಸೆಲ್ವಿಯಕ್ಕನ ಮುಖ ನೋಡಿದೆ. ಆಕೆ ಬಡಿಯುವುದನ್ನು ನಿಲ್ಲಿಸಲಿಲ್ಲ, ಮೇಲೇಳಲೂ ಇಲ್ಲ.

"ಓಗು, ಎತ್ಕೊ. ನಾನು ಇಲ್ಲೇ ಕುಂತಿದೀನಲ್ಲ" ಎಂದಳು.

ಹೋಗಿ ಎತ್ತಿಕೊಂಡೆ.