ಗಾರ್ಡ್ ಸಾಹೇಬರ ಹೊಟ್ಟೆ

ಮೊನ್ನೆ ಮಾಲು ಇಳಿಸುವಾಗ ಒಂದು ಡಬ್ಬಿ ಕೈತಪ್ಪಿ ಬಿತ್ತು. ಎದೆಯುರಿಗೆ ನೀರಿನಲ್ಲಿ ಕಲಸಿ ಕುಡಿಯುವ ಪುಡಿಯ ಪಾಕೀಟುಗಳು ಒಡೆದು, ನಿಂಬೆಹುಳಿ ಮತ್ತು ಸೋಡಾದ ವಾಸನೆ ಅಂಗಡಿ ತುಂಬಿತು. ಗುಡಿಸುತ್ತಿದ್ದ ನನಗೆ ಸಿಟ್ಟು ಬಂತು... ಪುಡಿ ಹಾಳಾಯಿತೆಂದಲ್ಲ. ಆ ವಾಸನೆಗೆ ಗಾರ್ಡ್ ಸಾಹೇಬರು ನೆನಪಾದರು. ಅವರು ಹೋಗಿ ಆರು ವರ್ಷವಾದರೂ ಅವರ ಮೇಲಿನ ನನ್ನ ಸಿಟ್ಟು ಇಳಿದಿಲ್ಲ.

ವಾಡಿಯ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಔಷಧಿ ಅಂಗಡಿ. ಅವರು ಗೂಡ್ಸ್ ಗಾಡಿಯ ಗಾರ್ಡ್. ಕ್ವಾರ್ಟರ್ಸಿನಿಂದ ಡ್ಯೂಟಿಗೆ ಹೋಗುವಾಗ ನನ್ನಲ್ಲಿ ನಿಲ್ಲದೆ ಮುಂದೆ ಹೋದವರಲ್ಲ.

"ಒಂದ್ ಪಾಕೀಟ್ ಕೊಡ್ರಿ, ಭಾಳ ಉರಿಲಿಕತ್ತದ."

ನಿಂತಲ್ಲೇ ಕುಡಿದು, ರಸ್ತೆಗೆಲ್ಲ ಕೇಳುವಂತೆ ತೇಗಿ, ಗೆದ್ದವರಂತೆ ನಗುತ್ತಿದ್ದರು. ತೇಗು ಬಂದರೆ ರೋಗ ಹೋಯಿತೆಂದು ಅವರ ಲೆಕ್ಕ. ಆ ನಗು ನೋಡಿ ನಾನೂ ನಗುತ್ತಿದ್ದೆನಲ್ಲ, ಅದಕ್ಕೇನು ಹೇಳಲಿ!

ಅವರದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಡ್ಯೂಟಿಯ ಫೋನು ಬಂತೆಂದರೆ ಊಟ ಬಂದ್, ನನ್ನಲ್ಲಿ ಪುಡಿ ಕಲಸಿ ಕುಡಿಯುವ ಅರ್ಧ ಲೋಟ ಬಿಟ್ಟರೆ ನೀರೂ ಬಂದ್. ಗಾಡಿಯ ಕೊನೆಯ ಡಬ್ಬಿಯಲ್ಲಿ ಒಬ್ಬರೇ ಕೂರಬೇಕು, ಅಲ್ಲಿ ಶೌಚಾಲಯವಿಲ್ಲ. ನಾನು ಕೇಳಿದರೆ ನನಗೇ ಬುದ್ಧಿ ಹೇಳುತ್ತಿದ್ದರು.

"ತಿಂದು ಎಲ್ಲಿಗಿ ಹೋಗ್ಲಿ? ಗಾಡಿ ಎಲ್ಲಿ ನಿಂದರ್ತದ, ಯಾವಾಗ ಬಿಡ್ತದ, ನನಗರೆ ಏನ್ ಗೊತ್ತು? ಖಾಲಿ ಇದ್ರ ಆರಾಮ್ ನೋಡ್ರಿ."

ಹಾಗೆ ಹತ್ತು ಹನ್ನೆರಡು ತಾಸು ಒಣಗಿ ಇಳಿದ ಮೇಲೆ ಸ್ಟೇಷನ್ ಹೊರಗೆ ಒಂದು ಪ್ಲೇಟ್ ಮಿರ್ಚಿ ಭಜಿ, ಮೇಲೆ ಎರಡು ಕಪ್ ಚಹಾ. ಮನೆಗೆ ಹೋಗಿ ನಾಲ್ಕು ಜೋಳದ ರೊಟ್ಟಿ, ಹಸಿಖಾರ. ಕೈ ತೊಳೆದವರೇ ಉರುಳಿಬಿಡುವುದು, ಫೋನು ದಿಂಬಿನ ಪಕ್ಕದಲ್ಲಿ. "ಅದು ಬಡಕೊಂಡ್ರ ಮೊದಲು ಹೊಟ್ಟಿ ಝಲ್ ಅಂತದ್ರಿ, ಆಮ್ಯಾಲ ಎಚ್ಚರ ಆಗ್ತದ" ಎಂದು ಒಮ್ಮೆ ಹೇಳಿದ್ದರು. ಚಿಂತೆ, ಕೆಟ್ಟ ನಿದ್ದೆ ಎಲ್ಲ ಹೊಟ್ಟೆಗೇ ಬಂದು ಕೂರುತ್ತದೆಂದು ನಾನು ಎಷ್ಟು ಸಲ ಹೇಳಿದೆ. ಗೋಡೆಗೆ ಹೇಳಿದ್ದರೆ ಅದಾದರೂ ಕೇಳುತ್ತಿತ್ತೇನೋ.

ಅಷ್ಟು ಸಾಲದೆಂದು, ಡಬ್ಬಿಯ ಕುಲುಕಾಟಕ್ಕೆ ಸೊಂಟ ಹಿಡಿಯುತ್ತದೆಂದು ನೋವಿನ ಗುಳಿಗೆ ಬೇರೆ. ಅದನ್ನು ಖಾಲಿ ಹೊಟ್ಟೆಗೆ ನುಂಗಬಾರದು. ಅವರು ಖಾಲಿ ಹೊಟ್ಟೆಗೇ ನುಂಗುತ್ತಿದ್ದರು. ಗೊತ್ತಿದ್ದೂ ಕೊಟ್ಟವನು ನಾನು.

ಒಂದು ದಿನ ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದ್ದು ನೋಡಿಕೊಂಡು ಒಳಗೆ ಬಂದರು. ಮುಖ ಬಿಳಚಿಕೊಂಡಿತ್ತು. ನಾಲ್ಕು ದಿನದಿಂದ ಮಲ ಡಾಂಬರಿನಷ್ಟು ಕಪ್ಪಗೆ ಹೋಗುತ್ತಿದೆ ಎಂದರು. "ಒಳಗ ರಕ್ತ ಹೊಂಟದ್ರಿ, ಇವತ್ತೇ ಕಲಬುರಗಿಗಿ ಹೋಗ್ರಿ" ಎಂದೆ.

"ಹೋದ್ರ ರೈಲ್ವೆ ಮೆಡಿಕಲ್‌ನಾಗ ಅನ್‌ಫಿಟ್ ಅಂತ ಬರೀತಾರ. ಗಾಡಿ ಬಿಡಿಸಿ ಆಫೀಸ್‌ನಾಗ ಕುಂದ್ರಸ್ತಾರ. ಇಪ್ಪತ್ತೆಂಟು ವರ್ಷ ಹಸಿರು ಬಾವುಟ ತೋರ್ಸಿದ ಕೈಲಿಂದ ಫೈಲ್ ಹೊರ್ಲೇನು? ಇದೊಂದ್ ಟ್ರಿಪ್ ಮುಗಿಸಿ ಹೋಗ್ತೀನಿ." ಬಾಗಿಲ ತನಕ ಹೋಗಿ ತಿರುಗಿದರು. "ಮನ್ಯಾಗ ಹೇಳಬ್ಯಾಡ್ರಿ. ಆಕಿ ಸುಮ್ನ ಅಂಜತಾಳ."

ಆಯಿತೆಂದೆ. ಅವತ್ತು ಸಂಜೆಯೇ ಅವರ ಹೆಂಡತಿ ತಮ್ಮ ಬಿಪಿ ಗುಳಿಗೆಗೆ ಬಂದಿದ್ದರು. ಕೌಂಟರಿನ ಆ ಕಡೆ ಅವರು, ಈ ಕಡೆ ನಾನು. ಹೇಳಿಬಿಡೋಣವೆಂದುಕೊಂಡೆ... ಕೊಟ್ಟ ಮಾತು ದೊಡ್ಡದೆನಿಸಿತು. ಗುಳಿಗೆ ಕಟ್ಟಿಕೊಟ್ಟು ಚಿಲ್ಲರೆ ಎಣಿಸಿದೆ.

ಮರುದಿನ ಅವರ ಗಾಡಿಯನ್ನು ಚಿತ್ತಾಪುರ ದಾಟಿದ ಮೇಲೆ ಸೇಡಂನಲ್ಲಿ ನಿಲ್ಲಿಸಿದ್ದರಂತೆ. ಹೊರಡುವ ಹೊತ್ತಿಗೆ ಹಿಂದಿನಿಂದ ಬಾವುಟ ಕಾಣಲಿಲ್ಲ. ಹೋಗಿ ನೋಡಿದರೆ ರಕ್ತ ಕಾರಿಕೊಂಡು ಬಿದ್ದಿದ್ದರು. ಕಲಬುರಗಿ ಆಸ್ಪತ್ರೆಯಲ್ಲಿ ಎರಡು ದಿನ ಇದ್ದು ತೀರಿಕೊಂಡರು. ಹೊಟ್ಟೆಯ ಹುಣ್ಣು ಒಡೆದಿತ್ತು. ನಾಲ್ಕು ದಿನ ಮೊದಲು ಬರಬಾರದಿತ್ತೇ ಎಂದರಂತೆ ಡಾಕ್ಟರು.

ಹದಿನೈದು ದಿನದ ಮೇಲೆ ಅವರ ಹೆಂಡತಿ ಅಂಗಡಿಗೆ ಬಂದರು. ಕುಂದ್ರಿ ಎಂದರೆ ಕೂರಲಿಲ್ಲ.

"ಮೆಡಿಕಲ್ ಅಂಗಡಿಯವ್ರಿಗಿ ಹೇಳಿದ್ದೆ ಅಂದ್ರು ಇವ್ರು, ದವಾಖಾನ್ಯಾಗ. ಅವತ್ತು ಸಂಜಿಕಿ ನಾ ಇಲ್ಲೇ ನಿಂತಿದ್ದೆ. ನನಗ್ಯಾಕ ಹೇಳಲಿಲ್ರಿ ನೀವು?"

ಸಾಹೇಬರೇ ಬೇಡ ಅಂದಿದ್ದರು ಎಂದೆ. ಹೇಳುವಾಗಲೇ ಅದು ಎಂಥ ಹೊಲಸು ಉತ್ತರ ಎಂದು ನನಗೆ ತಿಳಿಯಿತು. ಅವರು ಮೆಟ್ಟಿಲಿಳಿದು ಹೋದರು.

ಸಾಹೇಬರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ, ಅದಕ್ಕೇ ಆರು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಒಳ್ಳೆಯ ಮನುಷ್ಯನೊಬ್ಬ ಹೋದ, ಅದರಲ್ಲಿ ನನ್ನ ಪಾಲೂ ಇದೆ. ಅವರ ಹೆಂಡತಿ ಈಗಲೂ ವಾಡಿಯಲ್ಲೇ ಇದ್ದಾರೆ. ತಿಂಗಳಿಗೊಮ್ಮೆ ಬಿಪಿ ಗುಳಿಗೆಗೆಂದು ನನ್ನ ಅಂಗಡಿಯ ಮುಂದಿನಿಂದಲೇ ಹಾದು, ಎದುರಿನ ಔಷಧಿ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ.