ಕರೆಯದೆ ಬರುತ್ತಿದ್ದ ವೈ

ಟೈಪ್‌ರೈಟರ್‌ಗಳೆಲ್ಲ ಗುಜರಿಗೆ ಹೋದಾಗ ಡೊಂಬಿವಲಿಯ ನಮ್ಮ ಟೈಪಿಂಗ್ ಕ್ಲಾಸಿಗೂ ಬೀಗ ಬಿತ್ತು. ಉಡುಪಿಯಲ್ಲಿ ಕಲಿತು ಬಂದು ಹದಿನೈದು ವರ್ಷ ಅಲ್ಲಿ ಕಲಿಸಿದವಳು ನಾನು. ನನ್ನ ಕೈಕೆಳಗೆ ಕಲಿತವರು ಕೀಲಿ ನೋಡದೆ ಹೊಡೆಯುತ್ತಾರೆಂಬ ಜಂಭ ಬೇಕಾದಷ್ಟಿತ್ತು. ಐರೋಲಿಯಲ್ಲಿ ಕಲಿಕೆಯ ತೊಂದರೆ ಇರುವ ಮಕ್ಕಳ ಸಣ್ಣ ಕೇಂದ್ರವೊಂದಕ್ಕೆ ಕೀಬೋರ್ಡ್ ಕಲಿಸುವವರು ಬೇಕಂತೆ ಎಂದು ಕೇಳಿದಾಗ, ಅದೇನು ಮಹಾ ಎಂದುಕೊಂಡೇ ಹೋದೆ. ಠಾಣೆ ರೈಲ್ವೆ ನಿಲ್ದಾಣದಲ್ಲಿ ಗಾಡಿ ಬದಲಿಸುವುದೊಂದೇ ಕಷ್ಟ ಎಂದು ತಿಳಿದಿದ್ದೆ.

ಅಲ್ಲಿ ನನ್ನ ಪಾಲಿಗೆ ಬಂದ ಹುಡುಗಿಗೆ ಆಗ ಹದಿನಾಲ್ಕು ವರ್ಷ. ಮಾತಿನಲ್ಲಿ ಮಹಾ ಚುರುಕು. ಪೆನ್ನು ಹಿಡಿದರೆ ಮಾತ್ರ ಅಕ್ಷರಗಳು ಒಂದರ ಮೇಲೊಂದು ಬೀಳುತ್ತಿದ್ದವು. ನನ್ನ ಕನ್ನಡವೆಲ್ಲ ಅವಳಿಗೆ ತಿಳಿಯುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. ಅವಳ ತಾಯಿ ವಿಜಯಪುರದ ಕಡೆಯವಳು. ಮೊದಲ ದಿನವೇ ನನ್ನ ಕೈ ಹಿಡಿದುಕೊಂಡು ಹೇಳಿದಳು:

“ಅಕ್ಕೋರ, ಈಕಿ ಬರದಿದ್ದು ಈಕಿಗೇ ಓದಾಕ ಬರಂಗಿಲ್ರಿ. ಟೈಪ್ ಮಾಡಾಕ ಬಂದ್ರ ಪರೀಕ್ಷಾ ಕಂಪ್ಯೂಟರ್‌ನ್ಯಾಗ ಬರಿಲಿ ಅಂದಾರ್ರಿ ಸಾಲಿ ಮೇಡಂ. ಇಲ್ಲಂದ್ರ ಬಿಡಸ್ರಿ ಅಂತಾರ.”

ಮೂರು ತಿಂಗಳ ನಂತರ ಶಾಲೆಯ ಪ್ರಿನ್ಸಿಪಾಲರು ಅವಳನ್ನು ಕೂರಿಸಿ ನೋಡುವವರಿದ್ದರು. ಅದಕ್ಕೂ ಮೊದಲು ನನ್ನ ವರದಿ ಹೋಗಬೇಕಿತ್ತು. ಅವಳು ಶಾಲೆಯಲ್ಲಿ ಉಳಿಯುವುದು ಅಷ್ಟರ ಮೇಲೆ ನಿಂತಿತ್ತು.

ನನಗೆ ತಿಳಿದಿದ್ದ ದಾರಿ ಒಂದೇ. ನಾನು ಅಕ್ಷರ ಹೇಳಬೇಕು, ಅವರು ಹೊಡೆಯಬೇಕು. ಎ, ಎಸ್, ಡಿ, ಎಫ್. ಪರದೆ ನೋಡಿದರೆ ಎಗೆ ಮೊದಲು ಒಂದು ವೈ, ಎಸ್‌ಗೆ ಮೊದಲು ಇನ್ನೊಂದು, ಎಫ್‌ಗೆ ಮೊದಲು ಮತ್ತೊಂದು. ಮರುದಿನವೂ ಅದೇ, ಮರುವಾರವೂ ಅದೇ. ವೈ ಒತ್ತುವುದು ಬಲಗೈ ತೋರುಬೆರಳು. ಆ ಬೆರಳು ಅವಳ ಹಿಡಿತದಲ್ಲಿಲ್ಲ ಎಂದು ನಾನೇ ತೀರ್ಮಾನ ಮಾಡಿಬಿಟ್ಟೆ. ಡಿ, ಜೆ, ಕೆ ಹೇಳಿದಾಗ ವೈ ಬರುವುದಿಲ್ಲ ಎಂಬುದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಒಂದು ದಿನ ಪ್ರಥಮ ಚಿಕಿತ್ಸೆಯ ಡಬ್ಬಿಯಿಂದ ಅಂಟುಪಟ್ಟಿ ತೆಗೆದು ಆ ಬೆರಳಿಗೆ ನಾಲ್ಕು ಸುತ್ತು ಬಿಗಿದೆ. ಬೆರಳು ಭಾರವಾದರೆ ಸುಮ್ಮನೆ ಅಲೆಯುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ಅವಳು ಬೆರಳನ್ನು ತಿರುಗಿಸಿ ನೋಡಿಕೊಂಡಳು. ಆಮೇಲೆ ದಿನಾ ಬಂದ ಕೂಡಲೇ ತಾನಾಗಿ ಬೆರಳು ಚಾಚುತ್ತಿದ್ದಳು.

ವೈ ಹೋಗಲಿಲ್ಲ. ಮೂರನೇ ತಿಂಗಳ ನಡುವಿಗೆ ನಾನು ವರದಿ ಬರೆದೆ: ಈ ವಿದ್ಯಾರ್ಥಿನಿಗೆ ಕೀಬೋರ್ಡ್ ಒಗ್ಗುವುದಿಲ್ಲ. ಸಹಿ ಹಾಕಿ ಬ್ಯಾಗಿನಲ್ಲಿಟ್ಟುಕೊಂಡೆ.

ಮರುದಿನ ನನ್ನ ಗಂಟಲು ಪೂರ್ತಿ ಕಟ್ಟಿತ್ತು. ಓದು ಕಲಿಸುವ ಮರಾಠಿ ಸಹೋದ್ಯೋಗಿ, “ಇವತ್ತು ನಾನೇ ಹೇಳುತ್ತೇನೆ, ನೀವು ಕುಳಿತಿರಿ” ಎಂದಳು. ನಾನು ಹುಡುಗಿಯ ಹಿಂದೆ ಕುಳಿತೆ. ಸಹೋದ್ಯೋಗಿ ಹೇಳುತ್ತಾ ಹೋದಳು, ಹುಡುಗಿ ಹೊಡೆಯುತ್ತಾ ಹೋದಳು. ಒಂದು ಸಾಲು, ಎರಡು ಸಾಲು, ಅರ್ಧ ಪುಟ. ಎಲ್ಲೂ ಒಂದು ವೈ ಇಲ್ಲ.

ಸಹೋದ್ಯೋಗಿಯನ್ನು ತಡೆದು, ಇದ್ದಷ್ಟೇ ದನಿಯಲ್ಲಿ ನಾನು ಹೇಳಿದೆ: “ಎಲ್.” ಹುಡುಗಿಯ ತೋರುಬೆರಳು ವೈ ಒತ್ತಿತು, ಆಮೇಲೆ ಎಲ್.

“ವೈ ಕ್ಯೂಂ?” ಎಂದು ಸಹೋದ್ಯೋಗಿ ಕೇಳಿದಳು.

“ಟೀಚರ್ ಪೆಹ್ಲೇ ಯ ಬೋಲ್ತೀ ಹೈ ನಾ,” ಎಂದಳು ಹುಡುಗಿ, ಟೀಚರ್ ಮೊದಲು ‘ಯ’ ಹೇಳುತ್ತಾರಲ್ಲ ಎಂದು. “ಯೆಲ್. ಯೆಮ್. ಯೆಸ್. ಆಪ್ನೇ ಹೀ ಸಿಖಾಯಾ, ಯ ಮತ್ಲಬ್ ವೈ.” ‘ಯ’ ಅಂದರೆ ವೈ ಎಂದು ಓದಿನ ತರಗತಿಯಲ್ಲಿ ಸಹೋದ್ಯೋಗಿಯೇ ಕಲಿಸಿದ್ದಳಂತೆ.

ಸಹೋದ್ಯೋಗಿಗೆ ನಗು ಬಂತು. ‘ಎಲ್ಲಿ’ ಎನ್ನುವುದನ್ನು ‘ಯೆಲ್ಲಿ’ ಎನ್ನುವ ನಾಲಿಗೆ ನಮ್ಮದು. ಇಂಗ್ಲಿಷಿನ ಅಕ್ಷರಗಳಿಗೂ ಅದೇ ಯಕಾರ ಅಂಟಿಸಿ ಹೇಳುತ್ತೇವೆ, ಹೇಳುತ್ತಿದ್ದೇವೆಂದು ನಮಗೇ ಗೊತ್ತಿಲ್ಲ. ಉಡುಪಿಯ ನನ್ನ ಮಾಸ್ತರರೂ ಹಾಗೆಯೇ ಹೇಳುತ್ತಿದ್ದರು. ಹದಿನೈದು ವರ್ಷ ನನ್ನ ಬಾಯಿಂದ ಕೇಳಿದವರೆಲ್ಲ ಆ ಯಕಾರವನ್ನು ತಾವೇ ಬಿಟ್ಟು ಅಕ್ಷರವನ್ನಷ್ಟೇ ತೆಗೆದುಕೊಂಡಿದ್ದರು. ಕೇಳಿದ್ದನ್ನು ಕೇಳಿದ ಹಾಗೆ ಹೊಡೆದವಳು ಇವಳೊಬ್ಬಳೇ. ಅವಳ ಬೆರಳಿಗೆ ನಾನು ಪಟ್ಟಿ ಸುತ್ತಿದ್ದೆ.

“ಮೊದಲೇ ಯಾಕೆ ಹೇಳಲಿಲ್ಲ ಮಗಾ?” ಎಂದೆ.

“ಟೀಚರ್ ಗಲತ್ ಥೋಡೀ ಬೋಲೇಗೀ,” ಎಂದಳು, ಟೀಚರ್ ಎಲ್ಲಾದರೂ ತಪ್ಪು ಹೇಳುತ್ತಾರೆಯೇ, ಇದೂ ಒಂದು ಪ್ರಶ್ನೆಯೇ ಎನ್ನುವ ಹಾಗೆ.

ಆ ದಿನವೇ ಪಟ್ಟಿ ಬಿಚ್ಚಿದೆ. ಕೆಳಗಿನ ಚರ್ಮ ಬೆಳ್ಳಗೆ ಸುಕ್ಕಾಗಿತ್ತು. ಬ್ಯಾಗಿನಲ್ಲಿದ್ದ ವರದಿಯನ್ನು ಅವರಿಬ್ಬರ ಎದುರೇ ಹರಿದು, ಬೇರೆಯದನ್ನು ಬರೆದು ಶಾಲೆಗೆ ಕಳಿಸಿದೆ. ನನ್ನ ನಾಚಿಕೆ ಅಷ್ಟಕ್ಕೇ ಮುಗಿಯಿತು ಎಂದೂ ಅಂದುಕೊಂಡೆ, ಬುದ್ಧಿಗೇಡಿ. ಉಳಿದ ದಿನಗಳಲ್ಲಿ ಅಕ್ಷರ ಹೇಳುವ ಕೆಲಸ ಸಹೋದ್ಯೋಗಿಯದು. ನಾನು ಬೆರಳುಗಳನ್ನು ಮಾತ್ರ ನೋಡಿಕೊಂಡೆ.

ಪರೀಕ್ಷೆಯ ದಿನ ಶಾಲೆಯ ಮೆಟ್ಟಿಲ ಬಳಿ ಕಾಯುತ್ತಿದ್ದೆ. ಒಳಗಿನಿಂದ ಹುಡುಗಿ ಓಡಿಬಂದು, “ಹೋ ಗಯಾ! ಕಂಪ್ಯೂಟರ್ ಮಿಲೇಗಾ!” ಎಂದು ಕೂಗಿದಳು. ಅವಳನ್ನು ಅಪ್ಪಿಕೊಂಡೆ, ಕಣ್ಣು ತುಂಬಿ ಬಂತು. ಹಿಂದೆಯೇ ಬಂದ ತಾಯಿ ನನಗೆ ಕೈಮುಗಿದಳು.

“ನೀವು ಪಟ್ಟಿ ಕಟ್ಟಿದ್ದಕ್ಕ ಈಕಿಗೆ ಬಂತ್ರಿ ಅಕ್ಕೋರ. ಮನ್ಯಾಗೂ ಈಕಿ ರಟ್ಟಿನ ಮ್ಯಾಲ ಅಕ್ಷರಾ ಬರ್ಕೊಂಡು, ತಾನ ಪಟ್ಟಿ ಕಟ್ಕೊಂಡು ಕುಂದರತಿದ್ಲು. ಸಣ್ಣಾಕಿದೂ ಇದ ಹಣೇಬಾರ ಐತ್ರಿ, ಬರ್ಯಾಕ ಬರಂಗಿಲ್ಲ. ಅದಕ್ಕ ಆಕಿಗೂ ಕಟ್ಟೇನ್ರಿ.”

ತಾಯಿಯ ಸೆರಗಿನ ಹಿಂದಿನಿಂದ ಏಳೆಂಟು ವರ್ಷದ ಮಗು ಇಣುಕಿತು. ಅಕ್ಕನಂತೆಯೇ ಬಲಗೈ ತೋರುಬೆರಳನ್ನು ನನ್ನ ಮುಂದೆ ಚಾಚಿತು. ನಾಲ್ಕು ಸುತ್ತು, ಬಿಗಿಯಾಗಿ. ಮೆಟ್ಟಿಲ ಮೇಲೆ ಕುಳಿತು, ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಉಗುರಿನಿಂದ ಪಟ್ಟಿಯ ತುದಿ ಹುಡುಕತೊಡಗಿದೆ.