ಒಂದೂ ತಪ್ಪಿಲ್ಲದ ಹನ್ನೆರಡು ಪುಟ

ಪ್ರೆಸ್ಸಿನಲ್ಲಿ ಅವಳಿಗೆ ಹದ್ದಕ್ಕ ಅಂತ ಹೆಸರಿಟ್ಟವರು ಕಂಪೋಸ್ ಮಾಡುವ ಹುಡುಗಿಯರು. ಮೂವತ್ತೊಂದು ವರ್ಷ ಕರಡು ತಿದ್ದಿದ ಕಣ್ಣು ಅದು. ಒಂದು ಒತ್ತಕ್ಷರ ಜಾರಿರಲಿ, ಒಂದು ಸೊನ್ನೆ ಎಗರಿಹೋಗಿರಲಿ, ಹದ್ದಕ್ಕನ ಕೆಂಪು ಪೆನ್ನು ನೇರ ಅಲ್ಲಿಗೇ ಹೋಗಿ ಕುಕ್ಕುತ್ತಿತ್ತು. ಹುಡುಗಿಯರು ಹಲ್ಲು ಕಡಿಯುತ್ತಲೇ ಸರಿಮಾಡುತ್ತಿದ್ದರು. ಆದರೆ ತಮ್ಮ ಮಕ್ಕಳ ಶಾಲೆಯ ಅರ್ಜಿಯನ್ನು ಅವಳಿಗೆ ತೋರಿಸದೆ ಅವರಲ್ಲಿ ಒಬ್ಬರೂ ಕಳಿಸುತ್ತಿರಲಿಲ್ಲ.

ಹೋದ ವರ್ಷ ಒಂದು ಪುಸ್ತಕದಲ್ಲಿ, ಹೆಬ್ಬೆರಳು ಗಾತ್ರದ ಅಕ್ಷರದಲ್ಲಿ, ‘ಮುನ್ನುಡಿ’ ಹೋಗಿ ‘ಮುನ್ನಡಿ’ ಆಗಿ ಅಚ್ಚಾಯಿತು. ಇರುವೆ ಹಿಡಿಯುವವರ ಕಣ್ಣಿಗೆ ಆನೆ ಬೀಳುವುದಿಲ್ಲ. ತಿದ್ದುವವರಿಗೆಲ್ಲ ಇದು ಗೊತ್ತು. ಹೊಸ ಮ್ಯಾನೇಜರ್ ಬೈಯಲಿಲ್ಲ. ನಕ್ಕು, “ಹೋಗ್ಲಿ ಬಿಡಿ, ಕಣ್ಣಿಗೂ ವಯಸ್ಸಾಗತ್ತಲ್ವೇನಮ್ಮ” ಅಂದ. ಬೈದಿದ್ದರೆ ಅಲ್ಲಿಗೇ ಮರೆತುಬಿಡುತ್ತಿದ್ದಳು. ಆರು ತಿಂಗಳಲ್ಲಿ ಆ ಪ್ರೆಸ್ಸಿನವರು ತಿದ್ದುವ ಕೋಣೆಯನ್ನೇ ಮುಚ್ಚಿದರು. ಹದ್ದಕ್ಕ ಕನ್ನಡಕ, ಅಡಿಪಟ್ಟಿ, ಆ ಮಾತು ಮೂರನ್ನೂ ಹೊತ್ತುಕೊಂಡು ಮನೆಗೆ ಬಂದಳು. ಮಾತಿನ ವಿಷಯ ಗಂಡನಿಗೂ ಹೇಳಲಿಲ್ಲ.

ಹಾಗಿರುವಾಗ ಆರೋಗ್ಯದ ಪುಸ್ತಕ ಹೊರತರುವ ಪ್ರಕಾಶನವೊಂದರ ಸಂಪಾದಕಿ ಫೋನ್ ಮಾಡಿದರು. ಎಳೆಮಕ್ಕಳ ಆರೈಕೆಯ ಬಗ್ಗೆ ನರ್ಸ್ ಒಬ್ಬರು ಬರೆದ ಪುಸ್ತಕ. ಪರೀಕ್ಷೆಗೆ ನಲವತ್ತು ಪುಟ. “ಕಾಗುಣಿತದ ತಪ್ಪು ಇರಲ್ಲ. ಮೂಲದ ಜೊತೆ ಸಾಲು ಸಾಲು ಹೋಲಿಸಿದ್ರೆ ಮಾತ್ರ ಸಿಗೋವು. ಎಷ್ಟಿವೆ ಅಂತ ನಮಗೆ ಗೊತ್ತು, ನೀವೆಷ್ಟು ಹಿಡೀತೀರಿ ನೋಡೋಣ. ಕಾಗದ ಇಲ್ಲ, ಎಲ್ಲ ಕಂಪ್ಯೂಟರಲ್ಲೇ. ಶುಕ್ರವಾರ ಸಂಜೆ ಐದರೊಳಗೆ ಬೇಕು” ಅಂದರು. ಹದ್ದಕ್ಕ ಆಗಲಿ ಅಂದಳು. ಇದರಲ್ಲಿ ಸೋತರೆ ಮ್ಯಾನೇಜರ್ ಹೇಳಿದ್ದೇ ನಿಜವಾಗುತ್ತಿತ್ತು.

ಕಂಪ್ಯೂಟರ್ ಅಂಗಡಿಯವನು ಬುಧವಾರ ಬಂದು ಊಟದ ಮೇಜಿನ ಮೇಲೆ ಎರಡು ಮಾನಿಟರ್ ಕೂರಿಸಿಕೊಟ್ಟ. ಒಂದು ಹೊಸದು, ಒಂದು ಹಳೆಯದು. ಹಳೆಯದು ಚಿಕ್ಕದು, ಅದರ ಬಿಳಿ ಕೊಂಚ ಹಳದಿ. ಎಡಗಡೆ ಮೂಲ, ಬಲಗಡೆ ಕರಡು. ಮೂವತ್ತೊಂದು ವರ್ಷದ ಅಭ್ಯಾಸ, ಮೇಜು ಬದಲಾದರೂ ಬದಲಾಗಬೇಕಿಲ್ಲ. ಅಂದೆಲ್ಲ ಅವಳು ಪುಟವನ್ನು ಈ ಪರದೆಯಿಂದ ಆ ಪರದೆಗೆ ಎಳೆಯುವುದನ್ನು ಕಲಿತಳು. ಸಂಜೆ ನರ್ಸ್ ಬರೆದ ಮೂಲವನ್ನು ಒಂದು ಸಲ ಸುಮ್ಮನೆ ಓದಿಕೊಂಡಳು.

ಇನ್ನು ಯಜಮಾನರ ವಿಷಯ. ಬಸ್ ಡ್ರೈವರ್ ಆಗಿದ್ದು ನಿವೃತ್ತರಾದವರು. ಕೈಕಟ್ಟಿ ಕೂರುವ ಜಾತಿಯಲ್ಲ. ಚಿಕ್ಕ ಮಾನಿಟರಿನ ಕೆಳಗೆ ಹಲಗೆ ಇಟ್ಟು ಎರಡರ ತಲೆಯನ್ನೂ ಒಂದೇ ಮಟ್ಟಕ್ಕೆ ತಂದರು. ಬಸ್ಸಿನ ಕನ್ನಡಿಗಳಂತೆ ಎರಡನ್ನೂ ಕೊಂಚ ಒಳಕ್ಕೆ ತಿರುಗಿಸಿದರು. “ಕತ್ತು ತಿರುಗಬಾರದು ಕಣೇ, ಕಣ್ಣು ಮಾತ್ರ ತಿರುಗಬೇಕು. ಕತ್ತು ತಿರುಗಿಸಿದ ಡ್ರೈವರ್ ಕೆಟ್ಟ” ಅಂದರು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಗುರುವಾರ ಬೆಳಿಗ್ಗೆ, ಮೇಜಿನ ಹಿಂದೆ ತಂತಿಗಳು ಗೋಜಲಾಗಿ ಬಿದ್ದಿರುವುದು ಕಂಡು ಅವರ ಜೀವ ತಡೆಯಲಿಲ್ಲ. ಎಲ್ಲ ಕಿತ್ತರು, ಧೂಳು ಒರೆಸಿದರು, ದಾರ ಸುತ್ತಿ ಜಡೆ ಹೆಣೆದರು, ಸಿಕ್ಕ ಸಿಕ್ಕ ತೂತಿಗೆ ಮತ್ತೆ ಸಿಕ್ಕಿಸಿದರು. ಎರಡೂ ಹೊತ್ತಿಕೊಂಡವು. ಯಜಮಾನರು ಮೀಸೆ ತಿರುವಿದರು.

ಹದ್ದಕ್ಕ ಕೂತಳು. ಮೊದಲು ಮೂಲ ತೆರೆದಳು, ಆಮೇಲೆ ಕರಡು ತೆರೆದಳು. ಎಳೆಯುವ ಮೊದಲೇ ಎರಡು ಪರದೆಯ ಮೇಲೂ ಪುಟ ಬಂತು. ಪ್ರೆಸ್ಸಿನ ಪದ್ಧತಿ ಏನೆಂದರೆ, ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು, ಅಲ್ಪವಿರಾಮವನ್ನೂ ಬಾಯಲ್ಲೇ ಹೇಳಬೇಕು. ಇನ್ನೊಬ್ಬರು ಕರಡಿನ ಮೇಲೆ ಕಣ್ಣಿಟ್ಟು ಹೋಗಬೇಕು. ಓದುವ ಕೆಲಸ ಯಜಮಾನರದು. ಪೂರ್ಣವಿರಾಮ ಬಂದಾಗಲೆಲ್ಲ ಬ್ರೇಕ್ ಹಾಕಿದವರಂತೆ ನಿಲ್ಲುತ್ತಿದ್ದರು.

ಪುಟ ತಿರುಗಿಸಿದರೆ ಎರಡೂ ಪರದೆ ಒಟ್ಟಿಗೇ ತಿರುಗಿದವು.

“ನೋಡ್ದ್ಯಾ? ನಿನ್ನೆ ಎರಡೆರಡು ಸಲ ತಿರುಗಿಸ್ತಿದ್ದೆ. ವೈರು ಸರಿಯಾಗಿದ್ರೆ ಹೀಗೆ!” ಅಂದರು ಯಜಮಾನರು. ಹದ್ದಕ್ಕನಿಗೂ ಅದು ಅನುಕೂಲವೇ ಅನಿಸಿತು.

ಮೊದಲ ಪುಟದಲ್ಲಿ ಒಂದೂ ತಪ್ಪಿಲ್ಲ. ಖುಷಿಯಾಯಿತು. ಮೂರರಲ್ಲೂ ಇಲ್ಲ. ಆಶ್ಚರ್ಯವಾಯಿತು. ಆರನೆಯ ಪುಟ ಮುಗಿಯುವಾಗ ಭಯವಾಯಿತು. ತಪ್ಪಿವೆ ಅಂತ ಸಂಪಾದಕಿಯೇ ಹೇಳಿದ್ದಾರೆ. ಅಂದಮೇಲೆ ತಪ್ಪು ಪರದೆಯ ಮೇಲಿದೆ, ಕಾಣದೆ ಇರುವುದು ತನಗೆ. ಕನ್ನಡಕ ಒರೆಸಿದಳು, ಬೆಳಕು ಹೆಚ್ಚಿಸಿದಳು, ಕುರ್ಚಿ ಮುಂದಕ್ಕೆಳೆದಳು. ಹನ್ನೆರಡು ಪುಟ ಆಯಿತು, ಒಂದು ಗುರುತೂ ಬೀಳಲಿಲ್ಲ. ಯಜಮಾನರು ಮಾತ್ರ ಉತ್ಸಾಹದಲ್ಲಿ ಹದಿಮೂರನೆಯ ಪುಟಕ್ಕೆ ಗೇರ್ ಹಾಕಿದರು.

“ಹಾಲು ಕುಡಿಸಿದ ಮೇಲೆ ಮಗುವನ್ನು ಭುಜಕ್ಕೆ ಒರಗಿಸಿಕೊಂಡು, ಅಲ್ಪವಿರಾಮ, ತೇಗು ಬರುವವರೆಗೆ ಬೆನ್ನನ್ನು ಮೆಲ್ಲಗೆ ಕುಟ್ಟಿ, ಪೂರ್ಣವಿರಾಮ.”

“ಏನಂದ್ರಿ?”

“ಕುಟ್ಟಿ.”

“ಕೂಸಿನ ಬೆನ್ನು ಯಾರಾದ್ರೂ ಕುಟ್ತಾರೇನ್ರೀ?”

“ನಂಗೇನ್ ಗೊತ್ತು? ಇದ್ದಿದ್ದು ಓದ್ದೆ. ಮೆಲ್ಲಗೆ ಅಂತಾನೂ ಇದೆಯಲ್ಲ.”

ಅವಳ ಪರದೆಯಲ್ಲೂ ‘ಕುಟ್ಟಿ’ ಅಂತಲೇ ಇತ್ತು. ಆದರೆ ನಿನ್ನೆ ಸಂಜೆ ಮೂಲದಲ್ಲಿ ಅವಳು ಓದಿದ್ದು ‘ತಟ್ಟಿ’. ನರ್ಸ್ ಬರೆದದ್ದು ಬೆಳಗಾಗುವುದರಲ್ಲಿ ಹೇಗೆ ಬದಲಾದೀತು? ಹದ್ದಕ್ಕ ಎಡ ಪರದೆಗೆ ಮೂಗು ತಾಗುವಷ್ಟು ಬಾಗಿ ನೋಡಿದಳು. ನೆತ್ತಿಯ ಮೇಲೆ ಸಣ್ಣಕ್ಷರದಲ್ಲಿ ‘ಕರಡು’ ಅಂತಿತ್ತು. ಬಲಗಡೆ ನೋಡಿದಳು. ಅಲ್ಲೂ ‘ಕರಡು’. ಮೌಸ್ ಅಲ್ಲಾಡಿಸಿದಳು. ಎರಡು ಪರದೆಯಲ್ಲೂ ಬಾಣ ಓಡಾಡಿತು.

“ಅಯ್ಯೋ ನನ್ನ ದೇವರೇ! ರೀ, ಬೆಳಗಿನಿಂದ ನಾವು ಕರಡನ್ನ ಕರಡಿನ ಜೊತೇಗೇ ಹೋಲಿಸ್ತಿದ್ದೀವಿ!”

ಅಷ್ಟು ಹೇಳಿ ನಗತೊಡಗಿದಳು. ನಗು ನಿಲ್ಲಲೇ ಇಲ್ಲ, ಕಣ್ಣಲ್ಲಿ ನೀರು ಬಂತು, ಆ ನೀರು ನಗುವಿನದಲ್ಲ ಅಂತ ಯಜಮಾನರಿಗೆ ಗೊತ್ತಾಯಿತು.

“ಏನಾಯ್ತೇ?”

“ನನ್ನ ಕಣ್ಣೇ ಹೋಯ್ತು ಅಂದ್ಕೊಂಡಿದ್ದೆ ಕಣ್ರೀ” ಅಂದಳು. ಮ್ಯಾನೇಜರ್ ಆಡಿದ ಮಾತನ್ನೂ ಆಗಲೇ ಹೇಳಿದಳು.

ಯಜಮಾನರು ತಾವು ಹೆಣೆದ ತಂತಿಯ ಜಡೆಯತ್ತ ನೋಡಿದರು. “ಅದಕ್ಕಾ ನೀನು ಸುಮ್ಮನಾಗಿದ್ದು? ನನ್ನ ಓದು ಸರಿಯಿಲ್ಲ ಅಂತ ಸಿಟ್ಟು ಬಂದಿದೆ ಅಂದ್ಕೊಂಡು ನಾನು ಇನ್ನೂ ಗಟ್ಟಿಯಾಗಿ ಓದ್ತಾ ಇದ್ದೆ” ಅಂದರು.

ಅಂಗಡಿಯವನಿಗೆ ಫೋನ್ ಹೋಯಿತು. “ವೈರ್ ಕಿತ್ತು ಹಾಕಿದ್ರಾ? ಅದಕ್ಕೇ ಎರಡರಲ್ಲೂ ಒಂದೇ ಚಿತ್ರ ಬರ್ತಿದೆ. ಕಿಟಕಿ ಗುರುತಿನ ಕೀ ಒತ್ತಿ ಹಿಡ್ಕೊಂಡು ‘ಪಿ’ ಒತ್ತಿ. ‘ಡೂಪ್ಲಿಕೇಟ್’ ಅಂತಿರತ್ತೆ, ಅದರ ಕೆಳಗೆ ‘ಎಕ್ಸ್‌ಟೆಂಡ್’ ಇದೆ, ಅದನ್ನ ಒತ್ತಿ” ಅಂದ. ಒತ್ತಿದಳು. ಎಡ ಪರದೆ ಖಾಲಿಯಾಯಿತು. ಮೂಲವನ್ನು ಎಳೆದು ಅಲ್ಲಿ ಹಾಕಿದಳು. ಈಗ ಎಡಗಡೆ ‘ತಟ್ಟಿ’, ಬಲಗಡೆ ‘ಕುಟ್ಟಿ’. ಆ ‘ಕುಟ್ಟಿ’ಯನ್ನು ಕೆಂಪಗೆ ಗುರುತಿಸುವಾಗ ಹದ್ದಕ್ಕನಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಮತ್ತೆ ಒಂದನೇ ಪುಟದಿಂದ ಶುರು. ಎರಡನೆಯ ಸಾಲಿನಲ್ಲೇ ಹತ್ತು ನಿಮಿಷದ ಜಾಗದಲ್ಲಿ ಹದಿನೈದು. ನಾಲ್ಕನೆಯ ಪುಟದಲ್ಲಿ ಒಂದು ಸಾಲೇ ಮಾಯ. “ಹಾಂ, ಸಿಕ್ತು! ಹಾಂ, ಇನ್ನೊಂದು!” ಅಂತ ಅವಳು, “ಎಲ್ಲಿ, ಎಲ್ಲಿ?” ಅಂತ ಯಜಮಾನರು. ಶುಕ್ರವಾರ ನಾಲ್ಕೂ ಕಾಲಿಗೆ ನಲವತ್ತು ಪುಟ ಹೊರಟುಹೋಯಿತು.

ಸೋಮವಾರ ಸಂಪಾದಕಿಯ ಫೋನ್ ಬಂತು. “ನಾವು ಬೇಕಂತಲೇ ಬಿಟ್ಟಿದ್ದು ಇಪ್ಪತ್ತಾರು ತಪ್ಪು. ನೀವು ಮೂವತ್ತೊಂದು ತೋರಿಸಿದ್ದೀರಿ. ಮಿಕ್ಕ ಐದು ನಮ್ಮ ಕಣ್ಣಿಗೇ ಬಿದ್ದಿರಲಿಲ್ಲ ಕಣಮ್ಮ. ಇಡೀ ಪುಸ್ತಕ ಇವತ್ತೇ ಕಳಿಸ್ತೀನಿ. ಅಂದಹಾಗೆ, ಎಷ್ಟು ಜನ ಕೂತು ನೋಡಿದ್ರಿ?”

“ಕೂತವರು ಇಬ್ಬರು. ಓದೋದು ನಮ್ಮ ಮನೆಯವರು” ಅಂದಳು ಹದ್ದಕ್ಕ. ಎದುರಿಗೆ ಯಜಮಾನರು ಆಗಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

“ನೋಡೋದು ನಾನು.”